ಗಡಿಯಾರದ ಬಿರುಕಿಗೆ ಇಳಿದ ಕುಂಕುಮ

ಈ ಸಂಗತಿಯನ್ನು ಹೆಂಡತಿಗೂ ಪೂರ್ತಿ ಹೇಳಿಲ್ಲ. ತೊಂಬತ್ತರ ದಶಕದ ಕೊನೆ. ಲಂಡನ್ನಿನ ಕ್ರೋಯ್ಡನ್ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿದ್ದ ಇಂಗ್ಲಿಷ್ ಅಜ್ಜಿ, ತೀರಿಹೋದ ಗಂಡನ ಜೇಬು ಗಡಿಯಾರವನ್ನು ರಿಪೇರಿ ಮಾಡಿಸಿ ತರಲು ನನಗೆ ಒಪ್ಪಿಸಿದರು. ಬೆಳ್ಳಿಯ ಕವಚ, ಗಂಡ ಹೋದ ಮೇಲೆ ಅದರ ಮುಚ್ಚಳವನ್ನು ಅವರು ತೆರೆದೇ ಇರಲಿಲ್ಲ.

ರಿಪೇರಿ ಅಂಗಡಿಗೆ ಒಯ್ಯುವಾಗ ಟ್ರೇನಿನಲ್ಲಿ ಕಳೆದುಹೋದರೇನು ಗತಿ ಎಂದು ಹೆದರಿ ನಾಲ್ಕು ದಿನ ಮನೆಯಲ್ಲೇ ಇಟ್ಟುಕೊಂಡೆ. ಅಷ್ಟರಲ್ಲಿ ಖಂಡೇನವಮಿ ಬಂತು. ಆಯುಧ ಪೂಜೆಗಿಟ್ಟ ಡ್ರಿಲ್ಲು, ಮಿಕ್ಸರುಗಳ ಸಾಲಿನಲ್ಲಿ ಹೆಂಡತಿ ಅದನ್ನೂ ತೆರೆದಿಟ್ಟಳು.

"ಬ್ಯಾರೇದವರದ ಅದ, ಬ್ಯಾಡ," ಅಂದೆ.

"ಅದೂ ಮಶೀನ್ ಹೌದಲ್ರೀ? ಸುಮ್ನ ಒಂದ್ ಬಟ್ಟು ಕುಂಕುಮ ಹಚ್ರಿ."

ನೀರಿನಲ್ಲಿ ಕಲಸಿದ ಕುಂಕುಮ ಹಚ್ಚಿದೆ. ಮೇಲಿನ ಗಾಜು ಇಲ್ಲವೆಂದು ತಿಳಿದದ್ದು ಬೆರಳು ತಾಗಿದ ಮೇಲೆ. ಎಷ್ಟು ಒರೆಸಿದರೂ ಗಡಿಯಾರದ ಮುಖದ ಬಿಳಿ ಎನಾಮೆಲಿನ ಹಳೆಯ ಬಿರುಕಿನಲ್ಲಿ ಕೆಂಪು ಗೆರೆ ಉಳಿದುಬಿಟ್ಟಿತು.

"ಇದು ತಾಮ್ರದ ತಗಡಿನ ಮೇಲೆ ಸುಟ್ಟು ಕೂರಿಸಿದ ಗಾಜಿನ ಪುಡಿ. ಬಿರುಕಿಗೆ ಇಳಿದ ಬಣ್ಣ ಹೋಗೋದು ಕಷ್ಟ," ಎಂದ ರಿಪೇರಿಯವನು.

ರಿಪೇರಿಯಾದ ಗಡಿಯಾರವನ್ನು ಮರಳಿಸಿದಾಗ ಅಜ್ಜಿ ಮುಚ್ಚಳ ತೆರೆದು ಆ ಗೆರೆಯನ್ನೇ ನೋಡಿದರು. ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ವೈನ್ ಚೆಲ್ಲಿಕೊಂಡಿದ್ದಾನೆ," ಎಂದರು ಅವರು. "ಕುಡಿಯೋದು ಬಿಟ್ಟೆ ಅಂತ ಆಣೆ ಮಾಡಿದ್ದ. ನಾನೂ ನಂಬಿದ್ದೆ."

ಆಗದ ಅನಾಹುತಗಳಿಗೆಲ್ಲ ಊಟ ಬಿಟ್ಟು ಚಿಂತಿಸುವ ನಾನು, ಆಗಿಹೋದ ಒಂದನ್ನು ಹೇಳಲಾರದೆ, "ಇರಬಹುದು" ಎಂದೆ. ಅಜ್ಜಿ ಗೋಡೆಯ ಮೇಲಿದ್ದ ಗಂಡನ ಫೋಟೊವನ್ನು ದುರುಗುಟ್ಟಿ ನೋಡಿ, ನನ್ನ ಉಪಕಾರಕ್ಕೆಂದು ಚಹಾ ಮಾಡಿಕೊಟ್ಟರು. ಬೇಡವೆನ್ನಲೂ ಮುಖವಿಲ್ಲದೆ, ಎರಡು ಬಿಸ್ಕತ್ತಿನೊಂದಿಗೆ ಕುಡಿದು ಬಂದೆ.