ಟಾಕಿಯ ಬಾಯಿ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದವರಿಗೆ ಆ ಅನುಮಾನ ತಾನಾಗಿ ಬರುವುದಿಲ್ಲ.

ಅವತ್ತು ಹನ್ನೊಂದಕ್ಕೆ ಧಾರವಾಡದಲ್ಲಿ ನನ್ನ ಹೆಂಡತಿಯ ಡ್ರೈವಿಂಗ್ ಟೆಸ್ಟ್ ಇತ್ತು. ಆಕೆಯ ತವರು ತಂಬೂರ. ನಮ್ಮೂರು ಮೊರಬದಿಂದ ಅಲ್ಲಿಗೆ ಹೋಗಬೇಕೆಂದರೆ ಎರಡು ಮೂರು ಬಸ್ಸು ಬದಲಿಸಬೇಕು, ಇಲ್ಲವೇ ನನ್ನನ್ನು ಕೇಳಬೇಕು. ಬಸ್ಸಾದರೆ ಒಂದಿಲ್ಲೊಂದು ಹೊತ್ತಿಗೆ ಬರುತ್ತದೆ. ನಾನು ಮದುವೆಯಾದಾಗಿನಿಂದ "ನೋಡೂಣು" ಎನ್ನುತ್ತಲೇ ಬಂದವನು. ಇನ್ನು ಇವನನ್ನು ಕೇಳುವುದೇ ಬೇಡವೆಂದು ಆಕೆ ಎರಡು ತಿಂಗಳು ಡ್ರೈವಿಂಗ್ ಸ್ಕೂಲಿಗೆ ಓಡಾಡಿ ಕಾರು ಕಲಿತಿದ್ದಳು. ಸ್ಕೂಲಿನ ಕಾರಿನಲ್ಲೇ ಟೆಸ್ಟ್ ಕೊಡುವವಳಿದ್ದಳು. ಮನೆಯಲ್ಲಿ ಗ್ಯಾಸಿನ ಹೊಸ ಕಾರು ಇರುವಾಗ ಮಂದಿಯ ಕಾರು ಯಾಕೆ ಎಂದು ಹಟ ಹಿಡಿದವನು ನಾನು. ನಾಲ್ಕು ಜನ ನನ್ನ ಕಾರು ನೋಡಲಿ ಎಂಬ ಚಪಲ ಅದು.

ಎಂಟೂವರೆಗೆ ಆಕೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಕಾಗದಪತ್ರದ ಚೀಲ ಹಿಡಿದು ಬಂದು ಬಾಜೂಕ್ಕೆ ಕುಳಿತಳು. ನಾನು ಕೀಲಿ ತಿರುವಿದೆ. ಮೀಟರು ಬೆಳಗಿತು. ಇಂಜಿನ್ನು ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

"ರೀ, ಮೀಟರಿನ್ಯಾಗ ಪಂಪಿನ ಚಿತ್ರ ಮಿಣಕ್ ಮಿಣಕ್ ಅನ್ನಾಕತ್ತೈತಿ ನೋಡ್ರಿ. ಗ್ಯಾಸಿನ ಟಾಕಿ ಬಾಯಿ ತೆರದೈತಿ ಅಂತ ಅದರ ಅರ್ಥ. ಅದನ್ನ ಮುಚ್ಚೂತನಾ ಈ ಗಾಡಿ ಚಾಲೂ ಆಗೂದಿಲ್ಲಂತ. ಪುಸ್ತಕದಾಗ ಐತಿ."

ಕಾರಿನ ಜೊತೆ ಬಂದ ಆ ಪುಸ್ತಕದ ಪ್ಲಾಸ್ಟಿಕ್ಕನ್ನೂ ನಾನು ಬಿಚ್ಚಿರಲಿಲ್ಲ. ಟೆಸ್ಟಿಗೆ ಬೇಕಾದೀತೆಂದು ಆಕೆಯೇ ಬಿಚ್ಚಿ ಓದಿದ್ದಳು. ನಾನು ಇಳಿದು ಹಿಂದೆ ಹೋಗಿ ನೋಡಿದೆ. ಮುಚ್ಚಳ ಮುಚ್ಚಿಯೇ ಇತ್ತು. ಗೆದ್ದವನಂತೆ ಬಂದು ಮತ್ತೆ ಸೀಟಿನಲ್ಲಿ ಕುಳಿತೆ.

"ಮುಚ್ಚೇ ಐತಿ!"

"ಮುಚ್ಚೈತ್ರಿ. ಆದ್ರ ಮುಚ್ಚೈತಿ ಅನ್ನೂದು ಗಾಡಿಗೆ ಗೊತ್ತಾಗವಲ್ದು. ಅಲ್ಲೊಂದು ಸೆನ್ಸರ್ ಇರತೈತಿ. ಸ್ವಲ್ಪ ಏಳ್ರಿ, ನಿಮ್ಮ ಸೀಟಿನ ಬುಡಕಿನ ಹಿಡಿಕಿ ಎಳದು ಮುಚ್ಚಳ ತಗದು ನೋಡ್ತೀನಿ."

"ಗಾಡಿಗೆ ಗೊತ್ತಾಗಲಿಲ್ಲ, ನಿನಗ ಗೊತ್ತಾತು! ಮೊದಲ ನೀ ಬಾಯಿ ಮುಚ್ಚು," ಎಂದೆ. ಏಳಲಿಲ್ಲ.

ರೋಗ ಏನೆಂಬುದನ್ನು ಆಕೆ ಒಂದೇ ನಿಮಿಷದಲ್ಲಿ ಹೇಳಿ ಮುಗಿಸಿದ್ದಳು. ಉಳಿದ ಎರಡು ತಾಸನ್ನು ನಾವು ಗಂಡಸರು ನುಂಗಿದೆವು.

ಮೊದಲು ಬಾಜೂ ಮನೆಯ ಕಾಕಾ ಬಂದರು. ಸ್ವಂತ ಟ್ರ್ಯಾಕ್ಟರ್ ಇರುವ ಅವರಿಗೆ ಲೋಕದ ಸಕಲ ರೋಗಕ್ಕೂ ಮೂಲ ಬ್ಯಾಟರಿ. "ಬ್ಯಾಟರಿ ಕುಂತೈತಿ ಮಾಸ್ತರ, ಅಗದಿ ಕುಂತೈತಿ," ಎಂದು ಅದರ ತಲೆಗೆ ಬಿಸಿನೀರು ಸುರಿದರು. ಹಾರ್ನ್ ಒತ್ತಿದರೆ ಓಣಿಯ ನಾಯಿಗಳೆಲ್ಲ ಎದ್ದು ಓಡಿದವು. ಕುಂತ ಬ್ಯಾಟರಿ ಇಷ್ಟು ಜೋರಾಗಿ ಒದರುವುದುಂಟೇ ಎಂದು ವಿಜ್ಞಾನದ ಮಾಸ್ತರನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. "ದಬ್ಬೂಣು" ಎಂದರು ಕಾಕಾ. ಓಣಿಯ ಗಂಡಸರೆಲ್ಲ ಸೇರಿ ಎರಿ ಮಣ್ಣಿನ ಕೆಸರಿನಲ್ಲಿ ಕಾರನ್ನು ತುದಿಯವರೆಗೆ ದಬ್ಬಿ, ಮತ್ತೆ ದಬ್ಬಿಕೊಂಡು ಬಂದರು. ನಾನು ಸ್ಟೇರಿಂಗ್ ಹಿಡಿದು ಕುಳಿತೇ ಇದ್ದೆ. ಹಿಂದೆ ಸೀರೆ ಎತ್ತಿ ಹಿಡಿದು ನಡೆದು ಬಂದ ಹೆಂಡತಿ, "ಕಾಕಾ, ಟಾಕಿ ಬಾಯಿ..." ಎಂದು ಶುರು ಮಾಡಿದಳು.

"ತಂಗೀ, ನೀ ಒಳಗ ಹೋಗಿ ಛಾ ಇಡು," ಎಂದರು ಕಾಕಾ.

ಆಕೆ ಛಾ ಇಡಲಿಲ್ಲ. ಮೊಬೈಲಿನಲ್ಲಿ ಗಂಟೆ ನೋಡುತ್ತ ನಿಂತಳು. ಆಗ ಒಂಬತ್ತೂವರೆ.

ಆಮೇಲೆ ಬಸ್ ಸ್ಟ್ಯಾಂಡಿನ ಮೆಕ್ಯಾನಿಕ್ ಬಂದ. ಬಾನೆಟ್ಟಿನೊಳಗೆ ತಲೆ ತೂರಿಸುವ ಮೊದಲೇ, "ಸೆಲ್ಫ್ ಮೋಟರ್ ಹೋಗೈತ್ರಿ ಸರ," ಎಂದ. ಬಿಚ್ಚಿದ, ಒರೆಸಿದ, ಮತ್ತೆ ಜೋಡಿಸಿದ. ಮೋಟರಿಗೆ ಏನೂ ಆಗಿರಲಿಲ್ಲ. "ಹಂಗಾರ ಒಳಗಿನ ಕಂಪ್ಯೂಟರ್ ಹೋಗಿರಬೇಕ್ರಿ," ಎಂದ. ಆ ಕಂಪ್ಯೂಟರು ಎಲ್ಲಿರುತ್ತದೆ ಎಂದು ತಿಳಿಯಲು ನಾನು ಕೊನೆಗೂ ಸೀಟು ಬಿಟ್ಟು ಇಳಿದೆ.

ಆಕೆ ಅದಕ್ಕಾಗಿಯೇ ಕಾದಿದ್ದಳು. ಹಿಡಿಕೆ ಎಳೆದು, ಹಿಂದೆ ಹೋಗಿ ಮುಚ್ಚಳ ತೆರೆದಳು. ಮುಚ್ಚಿದಾಗ ಒಳಗೆ ಒತ್ತಿಕೊಳ್ಳಬೇಕಾದ ಚಿಕ್ಕ ಗುಂಡಿಯೊಂದು ಅಲ್ಲಿತ್ತು. ಅದರ ಸುತ್ತ ಬೆಳ್ಳಗೆ, ಸುಣ್ಣದಂತೆ ಗಟ್ಟಿಯಾಗಿ ಏನೋ ಮೆತ್ತಿತ್ತು. ವಿಭೂತಿ! ಹಿಂದಿನ ದಿನ ಅಮಾವಾಸ್ಯೆ. ಗಾಡಿ ಪೂಜೆ ಮಾಡಿದವನು ನಾನೇ. ಗ್ಯಾಸು ಕುಡಿಯುವ ಬಾಯಿಗೂ ಇರಲೆಂದು ಮೂರು ಬೆರಳಿನಿಂದ ಧಾರಾಳವಾಗಿ ಎಳೆದು, ಒಣಗಲೆಂದು ಸಂಜೆಯವರೆಗೆ ತೆರೆದಿಟ್ಟಿದ್ದೆ. ಒಣಗಿದ ವಿಭೂತಿ ಗುಂಡಿಯನ್ನು ಅರ್ಧದಲ್ಲೇ ಹಿಡಿದುಬಿಟ್ಟಿತ್ತು.

ಆಕೆ ಸೀರೆಯ ಪಿನ್ನು ತೆಗೆದು ಅದನ್ನು ಕೆರೆದಳು. ಗುಂಡಿಯನ್ನು ನಾಲ್ಕು ಸಲ ಒತ್ತಿ ಬಿಟ್ಟಳು. ಮುಚ್ಚಳ ಹಾಕಿ ಬಂದು ತಾನೇ ಕೀಲಿ ತಿರುವಿದಳು. ಕಾರು ಚಾಲೂ ಆಯಿತು.

"ಬಿಸಿನೀರು ಈಗ ಹತ್ತಿತು ನೋಡ್ರಿ," ಎಂದರು ಕಾಕಾ.

"ನಾ ಮೋಟರ್ ಒರೆಸಿದ್ದಕ್ಕ ರೀ ಅದು," ಎಂದ ಮೆಕ್ಯಾನಿಕ್.

ನಾನು ಇಬ್ಬರಿಗೂ ಕೈ ಮುಗಿದೆ. ಹೆಂಡತಿಗೆ, "ಜಲ್ದಿ ಸರಿ ಆ ಕಡೆ," ಎಂದೆ.

ಧಾರವಾಡದ ಕಚೇರಿ ಮುಟ್ಟಿದಾಗ ಹನ್ನೆರಡಾಗುತ್ತ ಬಂದಿತ್ತು. ಅವತ್ತಿನ ಟೆಸ್ಟ್ ಮುಗಿದಿತ್ತು. ಮತ್ತೆ ಹೊಸ ತಾರೀಖು ತಗೊಳ್ಳಿ ಎಂದ ಗುಮಾಸ್ತ, "ಇಷ್ಟ್ಯಾಕ ತಡಾ ಮಾಡಿದ್ರಿ?" ಎಂದು ಕೇಳಿದ.

"ಗಾಡಿ ಸೆನ್ಸರ್ ಕೈ ಕೊಡ್ತ್ರಿ ಸಾಹೇಬ್ರ," ಎಂದೆ.

"ಗಾಡೀದೇನೂ ತಪ್ಪಿಲ್ರಿ," ಎಂದಳು ಹೆಂಡತಿ. "ಅದು ಎಂಟೂವರಿಗೇ ಹೇಳಿತ್ತು."

ಗುಮಾಸ್ತ ನಕ್ಕ. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ವಾಪಸು ಬರುವಾಗ ಆಕೆ ಚೀಲದಿಂದ ಕಾರಿನ ಪುಸ್ತಕ ತೆಗೆದು ಓದುತ್ತ ಕುಳಿತಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಒಂದೆರಡು ತಿಂಗಳು ಕಳೆದಿರಬೇಕು. ಬಾಗಿಲಿಗೆ ಬಂದ ಪೋಸ್ಟ್‌ಮನ್, "ಅಕ್ಕಾರ ಲೈಸೆನ್ಸ್ ಬಂದೈತ್ರಿ ಮಾಸ್ತರ," ಎಂದು ಲಕೋಟೆ ಕೊಟ್ಟ. ನನಗೆ ಆಶ್ಚರ್ಯ. ಆಕೆಯನ್ನು ಕರೆದು, "ಟೆಸ್ಟ್ ಯಾವಾಗ ಕೊಟ್ಟಿ?" ಎಂದು ಕೇಳಿದೆ.

"ಹ್ವಾದ ತಿಂಗಳ. ಬಸ್ಸಿಗೆ ಹೋಗಿದ್ದೆ. ಸ್ಕೂಲಿನ ಕಾರಿನ್ಯಾಗ ಕೊಟ್ಟೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಕೇಳವ್ರು ಬೇಕಲ್ರಿ," ಎಂದಳು.

ಮರುದಿನ ಭಾನುವಾರ. ತಂಬೂರಕ್ಕೆ ಹೋಗಿ ಬರುತ್ತೇನೆಂದು ಮೊಳೆಗೆ ಹಾಕಿದ್ದ ಕಾರಿನ ಕೀಲಿ ತೆಗೆದುಕೊಂಡಳು. ನಾನು ಅಂಗಿ ತೊಟ್ಟು ತಯಾರಾಗಿ ಕುಳಿತಿದ್ದೆ. ನೀವೂ ಬರುತ್ತೀರಾ ಎಂದು ಆಕೆ ಕೇಳಲಿಲ್ಲ.