ನಿಮ್ಮೂರಿನ ನೀರು

ಕಡೂರಿನ ಪದವಿ ಕಾಲೇಜೊಂದರಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವ ಮಕ್ಕಳು ಮೊಬೈಲಿನಲ್ಲಾದರೆ ಬರೆಯುತ್ತಾರೆಂದು, ಎಲ್ಲರೂ ಒಟ್ಟಿಗೆ ಬರೆಯಬಹುದಾದ ಆನ್‌ಲೈನ್ ಪುಟವೊಂದನ್ನು ಮಾಡಿ ಲಿಂಕ್ ಕಳಿಸಿದೆ. ಸಂಕೋಚ ಕಳೆಯಲಿ ಎಂದು, ಹೆಸರು ಹಾಕುವುದನ್ನು ಅವರವರ ಇಷ್ಟಕ್ಕೆ ಬಿಟ್ಟಿದ್ದೆ. ವಿಷಯ: ನಿಮ್ಮೂರಿನ ನೀರು.

ತರಗತಿಯ ಪರದೆಯ ಮೇಲೆ ಸಾಲುಗಳು ಮೂಡತೊಡಗಿದವು. ಲಿಂಗದಹಳ್ಳಿಯವನೊಬ್ಬ ಹಳ್ಳದ ಬಗ್ಗೆ, ಪಂಚನಹಳ್ಳಿಯ ಹುಡುಗಿ ಬೋರ್‌ವೆಲ್ ಬಗ್ಗೆ ಬರೆದರು. ಅಜ್ಜಂಪುರದ ಕಡೆಯ ಹುಡುಗಿಯೊಬ್ಬಳು, ತನ್ನ ಅಜ್ಜಿ ಊರಬಾವಿಯಿಂದ ದೂರದಲ್ಲಿ ಬಿಂದಿಗೆ ಇಟ್ಟು, ಯಾರಾದರೂ ನೀರು ಸೇದಿ ಹುಯ್ಯುವವರೆಗೆ ಬಿಸಿಲಲ್ಲಿ ಕಾಯುತ್ತಿದ್ದಳೆಂದು ಬರೆದಳು. ಹೆಸರೂ ಹಾಕಿದಳು.

ಅದರ ಕೆಳಗೆ ಹೆಸರಿಲ್ಲದ ಸಾಲೊಂದು ಬಂತು: ‘ಈಗ್ಲೂ ದೂರ ನಿಂತ್ರೇನೇ ಒಳ್ಳೇದು.’

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅಳಿಸಲು ನಾನು ಕೈ ಚಾಚಿದೆ.

“ಅಳಿಸ್ಬೇಡಿ ಮೇಡಂ.” ಅಜ್ಜಂಪುರದ ಹುಡುಗಿ ಎದ್ದು ನಿಂತಿದ್ದಳು. “ಎಲ್ರೂ ಓದಾಯ್ತಲ್ಲ, ಇರ್ಲಿ.”

ಕೂತು, ಆ ಸಾಲಿನ ಕೆಳಗೇ ಬರೆದಳು: ‘ನಾನು ಹೆಸರು ಹಾಕಿದೀನಿ. ನೀನೂ ಹಾಕು.’

ಪುಟದಲ್ಲಿ ಎಷ್ಟು ಜನರಿದ್ದಾರೆಂದು ತೋರಿಸುವ ಬಣ್ಣದ ಚುಕ್ಕೆಗಳು ಪರದೆಯ ಮೇಲ್ತುದಿಯಲ್ಲಿದ್ದವು. ಒಂದೊಂದಾಗಿ ಅವು ಮಾಯವಾದವು. ಕೊನೆಗೆ ಅವಳದು, ನನ್ನದು ಮಾತ್ರ ಉಳಿದವು.

ಪ್ರಾಂಶುಪಾಲರಿಗೆ ದೂರು ಕೊಟ್ಟೆ. “ಹುಡುಗ್ರು ತಮಾಷೆಗೆ ಬರ್ದಿರ್ತವೆ ಬಿಡ್ರೀ ಮೇಡಂ. ಯಾರು ಅಂತಾನೂ ಗೊತ್ತಾಗಲ್ವಲ್ಲ” ಎಂದರು. ಮತ್ತೂ ಹೋದೆ. ತರಗತಿಯಲ್ಲಿ ಗದರಿದೆ, ಬೇಡಿಕೊಂಡೆ. ಯಾರೂ ಬಾಯಿ ಬಿಡಲಿಲ್ಲ.

ಅಜ್ಜಂಪುರದ ಹುಡುಗಿಯ ಪ್ರಾಜೆಕ್ಟ್ ಗುಂಪಿನಲ್ಲೇ ಇದ್ದ ಪಂಚನಹಳ್ಳಿಯ ಹುಡುಗಿ ಒಂದು ದಿನ ಸ್ಟಾಫ್ ರೂಮಿಗೆ ಬಂದಳು. ದಿನಾ ಅವಳ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದವಳು.

“ನನ್ನ ಬೇರೆ ಗುಂಪಿಗೆ ಹಾಕಿ ಮೇಡಂ. ಮನೇಲಿ ಗೊತ್ತಾದ್ರೆ ಬೈತಾರೆ.”

ನಾನು ಒಪ್ಪಲಿಲ್ಲ. ಆದರೆ ಅವಳು ಪ್ರಾಜೆಕ್ಟಿಗೆ ಬರೆಯುವುದನ್ನೇ ನಿಲ್ಲಿಸಿದಳು, ಗುಂಪಿನ ಉಳಿದವರೂ ಅಷ್ಟೆ. ಎಲ್ಲರ ಪಾಲನ್ನೂ ಅಜ್ಜಂಪುರದ ಹುಡುಗಿ ಒಬ್ಬಳೇ ಬರೆದು ಮುಗಿಸಿದಳು. ಆ ವರ್ಷ ಮುಗಿಯುತ್ತಲೇ ತರೀಕೆರೆಯ ಕಾಲೇಜು ಸೇರಿದಳು.

ಈಚೆಗೆ ತರೀಕೆರೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ತಾನಾಗಿಯೇ ಬಂದು ಮಾತಾಡಿಸಿದಳು.

“ಇಲ್ಲೂ ಗುಂಪು ಮಾಡಿ ಬರೆಸ್ತಾರೇನಮ್ಮ?”

“ಹೂಂ ಮೇಡಂ, ಎಲ್ಲಾ ಆನ್‌ಲೈನೇ. ಗುಂಪಿನೋರೂ ಚೆನ್ನಾಗಿದಾರೆ.” ಸ್ವಲ್ಪ ತಡೆದು ಹೇಳಿದಳು: “ನಾವು ಯಾವ ಜನ ಅಂತ ಇನ್ನೂ ಹೇಳಿಲ್ಲ ಅವ್ರಿಗೆ.”

ಅಜ್ಜಂಪುರದ ಬಸ್ ಬಂತು. “ಬತ್ತೀನಿ ಮೇಡಂ” ಎಂದವಳೇ ಸೀಟು ಹಿಡಿಯಲು ಓಡಿದಳು.