ಎಷ್ಟು ಸುಮ್ಮನಿರಬೇಕು ಎಂದು ಕೇಳುವ ಡಾಕ್ಟರು

ಆ ಡಾಕ್ಟರು ರೋಗಿಯ ಮುಖ ನೋಡಿದ್ದನ್ನು ನಾನು ಕಾಣೆ. ಕರೆತಂದವರ ಮುಖ ನೋಡಿಯೇ ಗುಳಿಗೆ ಕೊಡುತ್ತಿದ್ದರು. ಎಲೆಅಡಿಕೆ ಜಗಿಯುತ್ತ, ಸುಣ್ಣ ಹತ್ತಿದ ಬೆರಳನ್ನೇ ಗಾಜಿನ ಭರಣಿಗೆ ಇಳಿಬಿಟ್ಟು, ಗುಳಿಗೆ ಹೆಕ್ಕಿ ಹಳೇ ಪೇಪರಿನಲ್ಲಿ ಕಟ್ಟುವರು.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಅವರ ದವಾಖಾನೆ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ತಲೆ ಕೆಟ್ಟವರು, ಮೂರ್ಛೆ ಬರುವವರು, ನಿದ್ದೆ ಇಲ್ಲದವರು, ಗಂಡನಿಗೆ ಎದುರಾಡುವವರು, ಎಲ್ಲರೂ ಒಂದೇ ಬೆಂಚಿನ ಮೇಲೆ. "ಮನಿಯವರಿಗೆ ಏನು ತೊಂದ್ರಿ?" ಎಂಬುದೇ ಅವರ ಮೊದಲ ಪ್ರಶ್ನೆ. "ರೋಗಿ ಸುಮ್ಮನಾದ್ರ ರೋಗ ಸುಮ್ಮನಾದಂಗ" ಎನ್ನುವರು. ಕೇಳಿದವರು ತಲೆದೂಗುವರು.

ನಮ್ಮ ಮನೆ ಕುರುಗೋಡಿನಲ್ಲಿ. ನನ್ನ ಯಜಮಾನರ ತಂಗಿ ನೀಲವ್ವನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಸಿರುಗುಪ್ಪದ ಹಿರಿಯ ವೈದ್ಯರೊಬ್ಬರು ಫಿನೋಬಾರ್ಬಿಟೋನ್ ಎಂಬ ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟಿದ್ದರು. ಅದರಿಂದ ಮೂರ್ಛೆ ಅಪರೂಪವಾಗಿತ್ತು. ಹುಡುಗಿ ಚುರುಕು, ಬಾಯಿ ಇನ್ನೂ ಚುರುಕು. ರೊಟ್ಟಿ ಬಡಿಯುತ್ತಲೇ ಓಣಿಯವರೆಲ್ಲ ಮಾತಾಡುವ ರೀತಿ ಆಡಿ ತೋರಿಸಿ ನಗಿಸುವಳು.

ಅವಳನ್ನು ನೋಡಲು ಬಾದನಹಟ್ಟಿಯಿಂದ ಗಂಡಿನವರು ಬರುವವರಿದ್ದರು. ನಮ್ಮತ್ತೆಗೆ ಮೂರ್ಛೆಗಿಂತ ಮಗಳ ಬಾಯಿಯದೇ ಭಯ. ಅವಳನ್ನು ಕಂಟೋನ್ಮೆಂಟಿಗೆ ಕರೆದೊಯ್ದರು. ನಾನೂ ಜೊತೆಗಿದ್ದೆ.

"ಬಾಳ ಮಾತಾಡ್ತಾಳ್ರಿ," ಎಂದರು ಅತ್ತೆ.

"ಎಷ್ಟು ಸುಮ್ಮನಿರಬೇಕ್ರಿ?" ಎಂದರು ಡಾಕ್ಟರು, ಕುಪ್ಪಸದ ಅಳತೆ ಕೇಳುವ ದರ್ಜಿಯಂತೆ.

"ತಲಿ ಬಗ್ಗಿಸಿ ಕುಂದ್ರುವಷ್ಟು."

"ನನಗಿರೋದು ಮೂರ್ಛೆ ರೋಗ ರೀ, ಮಾತಿನ ರೋಗ ಅಲ್ಲ," ಎಂದಳು ನೀಲವ್ವ.

"ನೋಡಿದ್ರ್ಯಾ ಅಮ್ಮ, ಇದೇ ರೋಗ!" ಎಂದು ಅತ್ತೆಗೆ ಹೇಳಿ ಡಾಕ್ಟರು ನಕ್ಕರು. ಹಳೇ ಗುಳಿಗೆ ಬಂದ್ ಮಾಡಿಸಿ, ಹುಚ್ಚಿಗೆ ಕೊಡುವ ಗುಳಿಗೆ ಕಟ್ಟಿಕೊಟ್ಟರು.

ಕೆಲವೇ ದಿನಗಳಲ್ಲಿ ನೀಲವ್ವ ಮರದ ಗೊಂಬೆಯಾದಳು. ಬಾಯಿಂದ ಜೊಲ್ಲು, ಕೈಕಾಲು ಬಿಗಿ, ಕರೆದರೆ ಕಣ್ಣು ಮಾತ್ರ ತಿರುಗುವುದು. ಮೂರ್ಛೆ ಮೇಲಿಂದ ಮೇಲೆ ಬರತೊಡಗಿತು. ಒಂದು ಬೆಳಿಗ್ಗೆ ಒಲೆಯ ಮುಂದೆ ಬಿದ್ದಳು, ಎಡಗೈ ಬೆಂಕಿಗೆ ಹೋಯಿತು. ಪಕ್ಕದಲ್ಲೇ ಜೋಳ ಕೇರುತ್ತಿದ್ದ ನಾನು ಎಳೆದುಕೊಂಡೆ. ಮುಖ ಉಳಿಯಿತು. ಶಿವನು ಅಷ್ಟಾದರೂ ಉಳಿಸಿದ.

ನನ್ನ ಯಜಮಾನರನ್ನೂ ಕರೆದುಕೊಂಡು, ಬಟ್ಟೆ ಸುತ್ತಿದ ಕೈಯೊಂದಿಗೆ ಅವಳನ್ನು ಮತ್ತೆ ಆ ಡಾಕ್ಟರ ಮುಂದೆ ನಿಲ್ಲಿಸಿದೆವು.

"ಸುಟ್ಟಗಾಯ ನನ್ನ ಕೆಲಸ ಅಲ್ಲಮ್ಮ. ಮಾತಾಡ್ತಾಳೇನು?"

"ಇಲ್ರಿ," ಎಂದೆ.

"ಮತ್ತೇನು? ಗುಳಿಗಿ ಕೆಲಸ ಮಾಡೈತಿ. ಮೂರ್ಛೆ ಬಂದ್ರ ಇನ್ನೊಂದು ಹೆಚ್ಚಿಗಿ ಕೊಡ್ರಿ," ಎಂದು ಇನ್ನೊಂದು ಪೊಟ್ಟಣ ಕಟ್ಟಿಕೊಟ್ಟು ಉಗುಳಲು ಎದ್ದುಹೋದರು.

ಅತ್ತೆ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಯಜಮಾನರು ಕಸಿದು ಎಸೆದರು. "ನಡೀ ಅವ್ವ, ನಮಗ ಗೊಂಬಿ ಬ್ಯಾಡ, ನೀಲಿ ಬೇಕು."

ನೇರ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿದ್ದ ಲೇಡಿ ಡಾಕ್ಟರು ನೀಲವ್ವನ ಎದುರಿಗೇ ಕುಳಿತು, "ಮೂರ್ಛೆ ಬರೋ ಮುಂಚೆ ನಿನಗ ಏನಾಗತೈತಿ ತಾಯಿ?" ಎಂದು ಕೇಳಿದರು. ತೊದಲುತ್ತ ಅವಳು ಹೇಳಿ ಮುಗಿಸುವ ತನಕ ಕಾದರು. ಆಮೇಲೆ ಮೊದಲ ಪೊಟ್ಟಣದಲ್ಲಿ ಉಳಿದಿದ್ದ ಗುಳಿಗೆ ನೋಡಿ ನಮಗೆ ಹೇಳಿದರು: "ಮೂರ್ಛೆ ತಡಿಯೋ ಗುಳಿಗಿ ಒಮ್ಮಿಗೇ ಬಿಡಿಸ್ಯಾರ. ಅದು ಸಾಲದಂಗ ಈ ಗುಳಿಗಿ ಕೊಟ್ಟಾರ. ಇದು ಕೆಟ್ಟದ್ದಲ್ಲ, ಇದು ಬೇಕಾದ ರೋಗಿಗಳು ಬ್ಯಾರೆ ಅದಾರ. ಮೂರ್ಛೆ ಇದ್ದವರಿಗೆ ಇದು ಮೂರ್ಛೆ ಹೆಚ್ಚು ಮಾಡತೈತಿ."

ಅಲ್ಲೇ ಸೇರಿಸಿಕೊಂಡು ಹಳೇ ಗುಳಿಗೆ ಮತ್ತೆ ಶುರು ಮಾಡಿದರು. ಅವಳು ಮೊದಲಿನಂತಾಗಲು ತಿಂಗಳುಗಟ್ಟಲೆ ಹಿಡಿಯಿತು. ಬಾದನಹಟ್ಟಿಯವರು ಬರಲೇ ಇಲ್ಲ. ಅದೂ ಒಂದು ಕೃಪೆಯೇ. ಒಂದು ದಿನ ನೀಲವ್ವ ಆ ಡಾಕ್ಟರು ಉಗುಳುವುದನ್ನು ಮಾಡಿ ತೋರಿಸಿದಳು. ನಗುನಗುತ್ತ ನನಗೆ ಕಣ್ಣೀರು ಬಂತು.

ಆ ಕಂಟೋನ್ಮೆಂಟಿನ ಡಾಕ್ಟರನ್ನು ಕಡೆಯದಾಗಿ ಕಂಡದ್ದು ಸಿರುಗುಪ್ಪದ ಒಂದು ಮದುವೆಯಲ್ಲಿ. ಊಟದ ಸಾಲಿನಲ್ಲಿ ಮೊದಲ ಎಲೆ ಅವರದು. ಎಲ್ಲರೂ ಕೈಮುಗಿಯುವವರೇ. ನೀಲವ್ವ ಹೋಳಿಗೆ ಬಡಿಸುತ್ತಿದ್ದಳು, ಹಿಂದೆ ನಾನು ತುಪ್ಪ. ಗುರುತು ಹಿಡಿದು ನನ್ನನ್ನು ಕೇಳಿದರು, "ಈಗ ಹೆಂಗದಾಳಮ್ಮ ಈಕಿ?"

"ಇಲ್ಲೇ ಅದೀನಲ್ರಿ, ನನ್ನ ಕೇಳ್ರಿ," ಎಂದಳು ನೀಲವ್ವ.

"ನಾ ಕೊಟ್ಟ ಗುಳಿಗಿ ಬಿಟ್ಟೀರಿ ಅಂತ ಕಾಣತೈತಿ. ಬಾಯಿ ಹಂಗೇ ಐತಿ!" ಎಂದು ಅಕ್ಕಪಕ್ಕದವರನ್ನು ನೋಡಿ ನಕ್ಕರು. ಹೋಳಿಗೆಯ ತಟ್ಟೆ ಹಿಡಿದ ಅವಳ ಬೆಂದ ಎಡಗೈ ಅವರ ಕಣ್ಣೆದುರೇ ಇತ್ತು, ಅವರಿಗೆ ಕಾಣಲಿಲ್ಲ.

ಪಂಕ್ತಿಭೇದ ಮಹಾಪಾಪ ಎಂದು ನನ್ನವ್ವ ಕಲಿಸಿದ್ದಳು. ಆಗದವರ ಎಲೆಯನ್ನೂ ನಾನು ಎಂದೂ ದಾಟಿದವಳಲ್ಲ. ಅವರು ಹೋಳಿಗೆ ಮುರಿದು ತುಪ್ಪಕ್ಕೆ ಕಾಯುತ್ತಿದ್ದರು. ನಾನು ಪಕ್ಕದ ಎಲೆಗೆ ಬಡಿಸಿ ಮುಂದೆ ಹೋದೆ. ಮನೆಗೆ ಬಂದು ವಿಭೂತಿ ಧರಿಸಿ ದೀಪ ಹಚ್ಚಿದೆ. ಕ್ಷಮಿಸು ಎಂದು ಮಾತ್ರ ಕೇಳಲಿಲ್ಲ.